ತೆರೆಯನ್ನೂ ಮನೆಯನ್ನೂ ಸ್ತ್ರೀವಾದಿ ಕಣ್ಣಿನಿಂದ ನೋಡುವ ಬಗೆ

ಮೊದಲಿಗೆ ನಿಮಗೆ ನಿಜವಾಗಿಯೂ ಇಷ್ಟವಾದ ಒಂದು ಸಿನಿಮಾವನ್ನೋ ಧಾರಾವಾಹಿಯ ಒಂದು ಕಂತನ್ನೋ ಆರಿಸಿಕೊಳ್ಳಿ. ಇಷ್ಟವಿಲ್ಲದ್ದರಲ್ಲಿ ತಪ್ಪು ಹುಡುಕುವುದು ಸುಲಭ. ನಮ್ಮ ಮೆಚ್ಚುಗೆ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಮೆಚ್ಚಿದ್ದನ್ನೇ ಮತ್ತೆ ನೋಡಬೇಕು.

ಒಂದು ಸಲ ಶಬ್ದವನ್ನು ಪೂರ್ತಿ ನಿಲ್ಲಿಸಿ ನೋಡಿ. ಹೆಣ್ಣು ಪಾತ್ರ ಮೊದಲು ಕಾಣಿಸಿಕೊಳ್ಳುವಾಗ ಕ್ಯಾಮೆರಾ ಅವಳ ಮುಖದಿಂದ ಶುರುವಾಗುತ್ತದೆಯೇ, ಪಾದದಿಂದಲೋ ಸೊಂಟದಿಂದಲೋ ಮೇಲೇರುತ್ತದೆಯೇ, ಅವಳನ್ನು ತೋರಿಸಿದ ಮೇಲೆ ನೋಡುತ್ತಿರುವ ಗಂಡಸಿನ ಮುಖಕ್ಕೆ ಹೊರಳುತ್ತದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ 'ಪುರುಷ ನೋಟ' ಎಂದು ಕರೆದದ್ದು ಇದನ್ನೇ: ಹೆಣ್ಣು ನೋಡಿಸಿಕೊಳ್ಳುವವಳು, ಗಂಡು ನೋಡುವವನು, ಮತ್ತು ಪ್ರೇಕ್ಷಕರು ಯಾರೇ ಆಗಿದ್ದರೂ ಆ ಗಂಡಿನ ಜಾಗದಲ್ಲಿಯೇ ಕೂರಬೇಕಾಗುತ್ತದೆ. ಸಂಭಾಷಣೆ, ಸಂಗೀತ ಇಲ್ಲದಿರುವಾಗ ಈ ಕೂರಿಸುವಿಕೆ ಎದ್ದು ಕಾಣುತ್ತದೆ.

ಇನ್ನೊಂದು ಸಲ ಮಾತಿಗೆ ಕಿವಿಗೊಡಿ. ಅಮೆರಿಕದ ವ್ಯಂಗ್ಯಚಿತ್ರಗಾರ್ತಿ ಆಲಿಸನ್ ಬೆಕ್‌ಡೆಲ್ ಅವರ 1985ರ ಕಾಮಿಕ್ಸ್ ಕಂತೊಂದರಿಂದ ಬಂದ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಕುರಿತಲ್ಲದ ವಿಷಯವಾಗಿರಬೇಕು. ಒಂದು ಸಿನಿಮಾದ ಮೇಲೆ ತೀರ್ಪು ಕೊಡಲು ಇದು ಸಾಲದು. ಇದರಲ್ಲಿ ಗೆದ್ದ ಚಿತ್ರವೂ ಹೆಣ್ಣನ್ನು ಹೀನವಾಗಿ ಕಾಣಬಹುದು. ನೀವು ಕೊನೆಯದಾಗಿ ನೋಡಿದ 10 ಚಿತ್ರಗಳಿಗೆ ಇದನ್ನು ಹಚ್ಚಿ ನೋಡಿದರೆ ಮಾತ್ರ ಇದರ ಬೆಲೆ ತಿಳಿಯುತ್ತದೆ.

ನನ್ನ ಪ್ರಕಾರ ಬಹಳ ಮುಖ್ಯವಾದ ಪ್ರಶ್ನೆ ಇನ್ನೂ ಉಳಿದಿದೆ. ಕಥೆಯ ಊಟದ ಮೇಜಿನ ಮೇಲೆ ಬಿಸಿ ಅಡುಗೆ ಇರುತ್ತದೆ, ನಾಯಕನ ಅಂಗಿ ಇಸ್ತ್ರಿಯಾಗಿರುತ್ತದೆ, ಮಗು ಸ್ನಾನ ಮಾಡಿ ಸಿದ್ಧವಾಗಿರುತ್ತದೆ. ಇವನ್ನೆಲ್ಲ ಮಾಡಿದವರು ಯಾರು, ಆ ದುಡಿಮೆ ಎಷ್ಟು ನಿಮಿಷ ತೆರೆಯ ಮೇಲೆ ಕಂಡಿತು? ತೆರೆ ಮರೆಮಾಡುವ ಈ ದುಡಿಮೆಯನ್ನೇ ಮನೆಯೂ ಮರೆಮಾಡುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿಯ ಪ್ರಕಾರ ಜಗತ್ತಿನಲ್ಲಿ ಹೆಂಗಸರು ಸಂಬಳವಿಲ್ಲದ ಆರೈಕೆಯ ಕೆಲಸಕ್ಕೆ ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ಕೊಡುತ್ತಾರೆ, ಗಂಡಸರು 1 ಗಂಟೆ 23 ನಿಮಿಷ. ಹೊರಗೆ ದುಡಿದು ಬಂದ ಹೆಂಗಸು ಮನೆಯಲ್ಲಿ ಮತ್ತೆ ಹೂಡುವ ಈ ದುಡಿಮೆಯನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ 'ಎರಡನೇ ಪಾಳಿ' ಎಂದು ಹೆಸರಿಸಿದರು.

ಆದ್ದರಿಂದ 7 ದಿನ ಮನೆಯಲ್ಲೊಂದು ಪುಸ್ತಕವಿಡಿ. ಯಾವ ಕೆಲಸ, ಯಾರು ಮಾಡಿದರು, ಎಷ್ಟು ಹೊತ್ತು ಎಂಬುದರ ಜೊತೆಗೆ ಅದನ್ನು ನೆನಪಿಟ್ಟುಕೊಂಡವರು ಯಾರು ಎಂಬ ಅಂಕಣವನ್ನೂ ಸೇರಿಸಿ. ಔಷಧಿ ಮುಗಿಯುತ್ತಿದೆ, ನಾಳೆ ಶಾಲೆಯಲ್ಲಿ ಸಭೆಯಿದೆ ಎಂದು ಮನಸ್ಸಿನಲ್ಲಿ ಹೊತ್ತು ತಿರುಗುವುದು ಗಡಿಯಾರಕ್ಕೆ ಸಿಗುವುದಿಲ್ಲ, ಈ ಅಂಕಣಕ್ಕೆ ಸಿಗುತ್ತದೆ. ಪ್ರತಿಯೊಬ್ಬರೂ ತಮ್ಮದನ್ನು ತಾವೇ ಬರೆಯಬೇಕು. ಇಲ್ಲವಾದರೆ ಬರೆಯುವುದೂ ಮನೆಯ ಹೆಂಗಸಿನ ಪಾಲಿನ ಇನ್ನೊಂದು ಕೆಲಸವಾಗುತ್ತದೆ. 'ಅವನು ಸಹಾಯ ಮಾಡಿದ' ಎಂದು ಬರೆದಿರುವ ಕಡೆಗಳಿಗೆ ಗುರುತು ಹಾಕಿ, ಏಕೆಂದರೆ ಸಹಾಯ ಎಂದ ಕೂಡಲೇ ಆ ಕೆಲಸ ಮೂಲತಃ ಅವಳದು ಎಂದು ಒಪ್ಪಿಕೊಂಡಂತಾಗುತ್ತದೆ.

ಸಂಬಳಕ್ಕೆ ಬರುವ ಕೆಲಸದಾಕೆ ಇದ್ದರೆ ಆಕೆಯ ಗಂಟೆಗಳನ್ನೂ ಬರೆಯಿರಿ. ಮಧ್ಯಮ ವರ್ಗದ ಹೆಂಗಸರು ಹೊರಗೆ ದುಡಿಯಲು ಹೋದರೆ ಅವರ ಮನೆ, ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂದು ಅಮೆರಿಕದ ಕಪ್ಪು ಸ್ತ್ರೀವಾದಿ ಲೇಖಕಿ ಬೆಲ್ ಹುಕ್ಸ್ 1984ರಲ್ಲಿಯೇ ಕೇಳಿದ್ದರು. ಒಬ್ಬಳ ಹೊರೆ ಇನ್ನೊಬ್ಬಳ ತಲೆಗೇರಿದರೆ ಅದನ್ನು ಹಂಚಿಕೆ ಎನ್ನಲಾಗದು.

ವಾರ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಪುಸ್ತಕ ಓದಿ, ಒಂದು ಕೆಲಸವನ್ನು ಅದರ ನೆನಪಿನ ಭಾರದ ಸಮೇತ ಈವರೆಗೆ ಮಾಡದವರಿಗೆ ಒಪ್ಪಿಸಿ. ಒಂದು ತಿಂಗಳು ಯಾರೂ ಅವರಿಗೆ ಜ್ಞಾಪಿಸಬಾರದು, ಅವರು ಮಾಡಿದ್ದನ್ನು ತಿದ್ದಲೂ ಬಾರದು. ಆಮೇಲೆ ಮತ್ತೆ 7 ದಿನ ಬರೆದು, ಎರಡು ವಾರಗಳ ನೆನಪಿನ ಅಂಕಣಗಳನ್ನು ಅಕ್ಕಪಕ್ಕ ಇಟ್ಟು ನೋಡಿ.