ನಾಲ್ಕು ಸಾಲಿನ ಕೀಲಿ

ಕಲಬುರಗಿಯ ನೆಹರು ಗಂಜಿನಲ್ಲಿ ಅಡತಿ ಅಂಗಡಿ, ದಾಲ್ ಮಿಲ್ಲುಗಳ ಲೆಕ್ಕ ನೋಡೋದು ನನ್ನ ಕೆಲಸ. ಜಿಎಸ್‌ಟಿ ರಿಟರ್ನು, ಚಲನ್, ಖರೀದಿ ಪಟ್ಟಿ ಎಲ್ಲವನ್ನೂ ಪಿಡಿಎಫ್ ಮಾಡಿ ಕೊಡಬೇಕು. ವಾಟ್ಸಾಪಿಗೆ ಹಾಕಿದರೆ ಮುಂದಿನ ತಿಂಗಳು ‘ಅದು ಸಿಗವಲ್ದು, ಮತ್ತೊಮ್ಮೆ ಹಾಕ್ರಿ’ ಅಂತ ಫೋನು. ಸಾಕಾಗಿ, ನನ್ನದೇ ವೆಬ್‌ಸೈಟಿನಲ್ಲಿ ಒಂದು ಫೋಲ್ಡರ್ ಮಾಡಿ, ಫೈಲುಗಳನ್ನು ಅಲ್ಲಿಟ್ಟು ಲಿಂಕ್ ಕೊಡೋಕೆ ಶುರು ಮಾಡಿದೆ.

ಜನವರಿ, ತೊಗರಿ ಸುಗ್ಗಿ. ಗಂಜಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಅಂಥ ಹೊತ್ತಲ್ಲಿ ಒಬ್ಬ ಸಾವಕಾರರ ಫೋನ್ ಬಂತು. ‘ರೀ, ನಮ್ಮ ಹುಡುಗ ಏನೋ ತೋರ್ಸ್ಲತ್ತಾನ. ಬಾಜೂ ಅಂಗಡಿಯವ್ರ ಲೆಕ್ಕ ನಮ್ಮ ಫೋನ್ನ್ಯಾಗ ಬರ್ಲತ್ತದ. ಹಂಗಾರ ನಮ್ದೂ ಅವ್ರಿಗೆ ಕಾಣ್ತದಲ್ರೀ?’

ಹುಡುಗ ಮಾಡಿದ್ದು ಇಷ್ಟೇ. ನಾನು ಕೊಟ್ಟ ಲಿಂಕಿನ ಕೊನೆಯಲ್ಲಿದ್ದ ಫೈಲಿನ ಹೆಸರನ್ನು ಅಳಿಸಿ ಎಂಟರ್ ಒತ್ತಿದ್ದ. ಫೋಲ್ಡರಿನಲ್ಲಿ ಇಂಡೆಕ್ಸ್ ಪುಟ (ಫೋಲ್ಡರಿನ ವಿಳಾಸ ಹಾಕಿದಾಗ ತಾನಾಗಿ ತೆರೆಯುವ ಪುಟ) ಇಲ್ಲದಿದ್ದರೆ, ಸರ್ವರಿನಲ್ಲಿ ಪಟ್ಟಿ ತೋರಿಸುವ ಆಯ್ಕೆ ಆನ್ ಇದ್ದರೆ, ಒಳಗಿನ ಫೈಲುಗಳೆಲ್ಲ ಹೆಸರು, ತಾರೀಖು ಸಮೇತ ಸಾಲಾಗಿ ಬಂದು ನಿಲ್ಲುತ್ತವೆ. ನನ್ನದು ಹಾಗೇ ಇತ್ತು. ತಪ್ಪು ಪೂರ್ತಿ ನನ್ನದೇ.

ಆ ಪಟ್ಟಿಯನ್ನು ಅವತ್ತೇ ನಿಲ್ಲಿಸಿದೆ, ಒಂದೇ ಸಾಲಿನ ಕೆಲಸ. ಆದರೆ ಅದು ಕಿಟಕಿಗೆ ಪರದೆ ಎಳೆದ ಹಾಗೆ ಅಷ್ಟೇ. ನನ್ನ ಫೈಲುಗಳ ಹೆಸರೇ ಅಂಗಡಿ ಹೆಸರು, ತಿಂಗಳು, ವರ್ಷ. ಊಹಿಸೋಕೆ ಎಷ್ಟು ಹೊತ್ತು ಬೇಕು?

ಆಮೇಲೆ ಜಾವಾಸ್ಕ್ರಿಪ್ಟಿನಲ್ಲಿ ಪಾಸ್‌ವರ್ಡ್ ಕೇಳುವ ಪುಟ ಬರೆದೆ. ನೋಡೋಕೆ ಚಂದ ಇತ್ತು. ಪುಟದ ಸೋರ್ಸ್, ಅಂದರೆ ಒಳಗಿನ ಕೋಡ್, ತೆರೆದರೆ ಪಾಸ್‌ವರ್ಡ್ ಅಲ್ಲೇ ಕಾಣ್ತಿತ್ತು. ಪಿಡಿಎಫಿನ ನೇರ ಲಿಂಕ್ ಹಾಕಿದರೆ ಆ ಪುಟದ ಹಂಗೇ ಇಲ್ಲದೆ ಫೈಲು ತೆರೀತಿತ್ತು. ರೋಬೋಟ್ಸ್ ಫೈಲಿನಲ್ಲಿ ಫೋಲ್ಡರ್ ಹೆಸರು ಹಾಕು ಅಂತ ಒಬ್ಬರು ಹೇಳಿದರು. ಅದು ಗೂಗಲ್‌ನಂಥವರಿಗೆ ಮಾಡುವ ವಿನಂತಿ, ಕೀಲಿ ಅಲ್ಲ. ಮೇಲಾಗಿ ಆ ಫೈಲನ್ನು ಯಾರು ಬೇಕಾದರೂ ಓದಬಹುದು. ತಿಜೋರಿ ಎಲ್ಲಿದೆ ಅಂತ ನಾವೇ ಬೋರ್ಡ್ ಹಾಕಿದಂತೆ.

ಕೀಲಿಯನ್ನು ಸರ್ವರೇ ಹಾಕಬೇಕು. ನನ್ನ ಹೋಸ್ಟಿಂಗ್ (ವೆಬ್‌ಸೈಟ್ ಇಡೋಕೆ ಬಾಡಿಗೆ ಜಾಗ) ಓಡೋದು ಅಪಾಚಿ ಅನ್ನೋ ಸರ್ವರ್ ಸಾಫ್ಟ್‌ವೇರಿನಲ್ಲಿ. ಅದಕ್ಕೆ ಫೋಲ್ಡರಿನೊಳಗೆ ಡಾಟ್ ಎಚ್‌ಟಿಆಕ್ಸೆಸ್ ಅನ್ನೋ ಫೈಲ್ ಇಟ್ಟರೆ ಸಾಕು (ಎಂಜಿನ್‌ಎಕ್ಸ್ ಸರ್ವರ್ ಇದನ್ನು ಓದುವುದಿಲ್ಲ, ಅಲ್ಲಿ ದಾರಿ ಬೇರೆ). ಬರೆಯೋದು ನಾಲ್ಕೇ ಸಾಲು: ಆಥ್‌ಟೈಪ್ ಬೇಸಿಕ್, ಆಥ್‌ನೇಮ್ ಅಂತ ಒಂದು ಹೆಸರು, ಆಥ್‌ಯೂಸರ್‌ಫೈಲ್ ಅಂತ ಪಾಸ್‌ವರ್ಡ್ ಫೈಲಿನ ಜಾಗ, ಕೊನೆಗೆ ರಿಕ್ವೈರ್ ವ್ಯಾಲಿಡ್-ಯೂಸರ್.

ನಾಲ್ಕು ಸಾಲಿಗೆ ನನಗೆ ಎರಡು ರಾತ್ರಿ ಹಿಡಿಯಿತು. ಮೊದಲು ನೋಟ್‌ಪ್ಯಾಡ್ ಆ ಫೈಲಿನ ಬಾಲಕ್ಕೆ ತಾನೇ ಡಾಟ್ ಟಿಎಕ್ಸ್‌ಟಿ ಅಂಟಿಸಿತ್ತು. ಅದನ್ನು ಸರಿ ಮಾಡಿದರೆ ಫೈಲೇ ಮಾಯ! ಡಾಟ್‌ನಿಂದ ಶುರುವಾಗುವ ಫೈಲನ್ನು ಸಿಪ್ಯಾನೆಲ್ (ಹೋಸ್ಟಿಂಗ್ ನೋಡಿಕೊಳ್ಳುವ ಪುಟ) ಬಚ್ಚಿಡುತ್ತದೆ, ಸೆಟ್ಟಿಂಗಿನಲ್ಲಿ ಹೇಳಿದರೆ ಮಾತ್ರ ತೋರಿಸುತ್ತದೆ. ಕೊನೆಗೂ ಪಾಸ್‌ವರ್ಡ್ ಕೇಳುವ ಡಬ್ಬಿ ಬಂತು. ಖುಷಿಯಿಂದ ಹೆಸರು, ಪಾಸ್‌ವರ್ಡ್ ಹಾಕಿದೆ. 500 ಎರರ್, ಅಂದರೆ ಸರ್ವರಿನೊಳಗೇ ಏನೋ ತಪ್ಪು. ‘ಪಾಸ್‌ವರ್ಡ್ ಫೈಲ್ ತೆರೆಯಲು ಆಗಲಿಲ್ಲ’ ಅಂತ ಎರರ್ ಲಾಗಿನಲ್ಲಿತ್ತು. ನಾನು ವೆಬ್‌ಸೈಟಿನ ವಿಳಾಸದ ಲೆಕ್ಕದಲ್ಲಿ ದಾರಿ ಬರೆದಿದ್ದೆ. ಅಲ್ಲಿ ಬೇಕಾಗಿದ್ದದ್ದು ಸರ್ವರಿನ ಪೂರ್ತಿ ದಾರಿ, ಸ್ಲ್ಯಾಶ್ ಹೋಮ್‌ನಿಂದ ಶುರುವಾಗುವಂಥದ್ದು.

ಆ ಪಾಸ್‌ವರ್ಡ್ ಫೈಲನ್ನು, ವೆಬ್‌ಸೈಟಿನ ಫೈಲುಗಳಿರುವ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿನ ಹೊರಗೇ ಇಟ್ಟೆ. ಬ್ರೌಸರಿನ ಕೈಗೆ ಸಿಗದ ಜಾಗ ಅದು. ಫೈಲ್ ಮಾಡೋಕೆ ಎಚ್‌ಟಿಪಾಸ್‌ವರ್ಡ್ ಅನ್ನೋ ಕಮಾಂಡ್ ಇದೆ (ಟೈಪ್ ಮಾಡುವಾಗ ವರ್ಡ್‌ನ ಓ, ಆರ್ ಬಿಡಬೇಕು). ದೊಡ್ಡ ‘ಬಿ’ ಆಯ್ಕೆ ಕೊಟ್ಟರೆ ಪಾಸ್‌ವರ್ಡನ್ನು ಬಿಕ್ರಿಪ್ಟ್ ವಿಧಾನದಲ್ಲಿ ಕಲಸಿ ಇಡುತ್ತದೆ. ಸಣ್ಣ ‘ಸಿ’ ಕೊಟ್ಟರೆ ಹೊಸ ಫೈಲ್ ಮಾಡುತ್ತದೆ. ಇಲ್ಲೇ ನಾನು ಎಡವಿದ್ದು. ಪ್ರತಿ ಅಂಗಡಿಗೂ ಅದೇ ಕಮಾಂಡನ್ನು ‘ಸಿ’ ಸಮೇತ ಹೊಡೆಯುತ್ತಾ ಹೋದೆ. ಹನ್ನೊಂದು ಹೆಸರು ಹಾಕಿ ಫೈಲ್ ತೆರೆದರೆ ಒಂದೇ ಹೆಸರು, ಕೊನೆಯದ್ದು. ಪ್ರತಿ ಸಲ ಹಳೇ ಫೈಲ್ ಅಳಿಸಿ ಹೊಸದು ಬರೀತಿತ್ತು. ‘ಸಿ’ ಮೊದಲ ಸಲಕ್ಕೆ ಮಾತ್ರ.

ಎಲ್ಲ ಆಯ್ತು ಅಂದುಕೊಂಡು ಒಬ್ಬ ಸಾವಕಾರರ ಹೆಸರಲ್ಲಿ ಒಳಗೆ ಹೋಗಿ, ಸುಮ್ನೆ ಇನ್ನೊಬ್ಬರ ಫೈಲು ತೆರೆದು ನೋಡಿದೆ. ತೆರೀತು. ಎದೆ ಧಸಕ್ಕೆಂದಿತು. ವ್ಯಾಲಿಡ್-ಯೂಸರ್ ಅಂದರೆ ಪಟ್ಟಿಯಲ್ಲಿರುವ ಯಾರಾದರೂ ಸರಿ ಅಂತ ಅರ್ಥ. ಬೀದಿಯವರಿಗೆ ಬಾಗಿಲು ಮುಚ್ಚಿತ್ತು, ಬಾಜೂ ಅಂಗಡಿಯವರಿಗೆ ತೆರೆದೇ ಇತ್ತು. ಸಾವಕಾರರು ಹೆದರಿದ್ದೇ ಅವರಿಗಲ್ವಾ? ಆಮೇಲೆ ಅಂಗಡಿಗೊಂದು ಫೋಲ್ಡರ್ ಮಾಡಿದೆ. ಒಂದೊಂದರಲ್ಲೂ ಬೇರೆ ಎಚ್‌ಟಿಆಕ್ಸೆಸ್ ಇಟ್ಟು, ಕೊನೆಯ ಸಾಲಿನಲ್ಲಿ ರಿಕ್ವೈರ್ ಯೂಸರ್ ಅಂತ ಬರೆದು ಆ ಅಂಗಡಿಯ ಹೆಸರೊಂದನ್ನೇ ಹಾಕಿದೆ. ಪಾಸ್‌ವರ್ಡ್ ಫೈಲ್ ಮಾತ್ರ ಎಲ್ಲಕ್ಕೂ ಒಂದೇ.

ಇನ್ನೊಂದು ಮಾತು. ಈ ಬೇಸಿಕ್ ವಿಧಾನದಲ್ಲಿ ಹೆಸರು, ಪಾಸ್‌ವರ್ಡ್ ಬೇಸ್64 ರೂಪದಲ್ಲಿ ಹೋಗುತ್ತವೆ. ಅದು ಗುಟ್ಟು ಮಾಡೋದಲ್ಲ, ಬರೀ ಬೇರೆ ಲಿಪಿಯಲ್ಲಿ ಬರೆದಂಗೆ. ಯಾರಾದರೂ ಒಂದು ಕ್ಷಣದಲ್ಲಿ ಬಿಡಿಸಿಬಿಡಬಹುದು. ಹಾಗಾಗಿ ಎಚ್‌ಟಿಟಿಪಿಎಸ್ (ದಾರಿಯಲ್ಲಿ ಯಾರೂ ಓದದಂತೆ ಗುಟ್ಟು ಮಾಡಿ ಕಳಿಸುವ ವಿಧಾನ) ಇರಲೇಬೇಕು. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯಿಂದ ಪುಕ್ಕಟೆ ಸಿಕ್ಕಿತು. ನನ್ನದು 90 ದಿನದ್ದು, ಹೋಸ್ಟಿಂಗ್ ತಾನೇ ಹೊಸದು ಮಾಡಿಕೊಳ್ಳುತ್ತದೆ. ಎಷ್ಟು ಸಲ ತಪ್ಪು ಪಾಸ್‌ವರ್ಡ್ ಹಾಕಿದರೂ ಅಪಾಚಿ ತಾನಾಗಿ ತಡೆಯುವುದಿಲ್ಲ. ಅದಕ್ಕೆ ಪಾಸ್‌ವರ್ಡ್ ಉದ್ದ ಇಟ್ಟೆ, ಸಂಬಂಧ ಇಲ್ಲದ ನಾಲ್ಕು ಪದ ಜೋಡಿಸಿ. ಎಲ್ಲರೂ ಕೇಳಿದ್ದು ‘ಅಂಗಡಿ ಫೋನ್ ನಂಬರೇ ಇಡ್ರಿ’ ಅಂತ. ಒಪ್ಪಲಿಲ್ಲ.

ಲಿಂಕನ್ನು ವಾಟ್ಸಾಪಿನಲ್ಲಿ ಕಳಿಸಿದೆ, ಪಾಸ್‌ವರ್ಡನ್ನು ಅಂಗಡಿಗೇ ಹೋಗಿ ಹೇಳಿದೆ. ಆ ಸಾವಕಾರರು ಅದನ್ನು ಕಿರ್ದಿ ಪುಸ್ತಕದ ಮೊದಲ ಪುಟದಲ್ಲಿ ಶ್ರೀ ಕೆಳಗೆ ಬರೆದುಕೊಂಡರು. ಬೇಡ ಅನ್ನೋಣ ಅಂದುಕೊಂಡೆ. ಆದರೆ ಆ ಪುಸ್ತಕ ರಾತ್ರಿ ತಿಜೋರಿಗೆ ಹೋಗುತ್ತದೆ. ನನ್ನ ಲ್ಯಾಪ್‌ಟಾಪಿಗಿಂತ ಅದೇ ಭದ್ರ.

ಹುಡುಗ ಪಕ್ಕದಲ್ಲೇ ಇದ್ದ. ಫೋನ್ ತೆಗೆದು ಲಿಂಕಿನ ಬಾಲ ಅಳಿಸಿದ. ಡಬ್ಬಿ ಬಂತು. ಕ್ಯಾನ್ಸಲ್ ಒತ್ತಿದ. 401, ಅಂದರೆ ಹೆಸರು, ಪಾಸ್‌ವರ್ಡ್ ಇಲ್ಲದೆ ಒಳಗೆ ಬಿಡಲ್ಲ ಅಂತ. ಬಾಜೂ ಅಂಗಡಿಯ ಹೆಸರು ಹಾಕಿ, ತಮ್ಮ ಪಾಸ್‌ವರ್ಡ್ ಕೊಟ್ಟು ನೋಡಿದ. ಡಬ್ಬಿ ಮತ್ತೆ ಬಂತು.

‘ಈಗ ಬರವಲ್ದು’ ಅಂದ, ಸ್ವಲ್ಪ ಬೇಜಾರಿನಲ್ಲೇ.