ಡಬ್ಬಿ ಖಾಲಿ ಮಾಡಬೇಡಿ, ಕಡ್ಡಿ ನೋಡಿ

ನಮ್ಮ ಗ್ಯಾರೇಜು ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿದೆ. ಆಯಿಲ್ ಬದಲಾಯಿಸಲು ಬಂದವರಲ್ಲಿ ಬಹಳ ಜನ ಹೇಳುವುದು ಒಂದೇ ಮಾತು: "ಅಣ್ಣಾ, ಡಬ್ಬಿ ಪೂರ್ತಿ ಹಾಕಿಬಿಡ್ರಿ, ರೊಕ್ಕ ಕೊಟ್ಟೀನಲ್ಲ." ಅವರ ಮಾತಲ್ಲಿ ನ್ಯಾಯ ಇದೆ. ದುಡ್ಡು ಕೊಟ್ಟು ತಂದ ಆಯಿಲ್‌ನಲ್ಲಿ ಅರ್ಧ ಲೀಟರ್ ಬಿಟ್ಟು ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಡಬ್ಬಿ ಬರುವುದು 3, 3.5, 4 ಲೀಟರ್ ಲೆಕ್ಕದಲ್ಲಿ. ನಿಮ್ಮ ಎಂಜಿನ್ನಿಗೆ ಬೇಕಾದ ಅಳತೆಯೇ ಬೇರೆ. ಸ್ವಿಫ್ಟ್ 1.2 ಪೆಟ್ರೋಲ್ ಗಾಡಿಗೆ ಸುಮಾರು 3 ಲೀಟರ್ ಮೇಲೆ ಸ್ವಲ್ಪ ಸಾಕು. ಹಳೇ ಇನ್ನೋವಾ 2.5 ಡೀಸೆಲ್‌ಗೆ 7 ಲೀಟರ್ ಹತ್ತಿರ ಬೇಕು. ಸರಿಯಾದ ಅಂಕಿ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಉಳಿದ ಆಯಿಲ್ ನಿಮ್ಮದೇ. ಮುಚ್ಚಳ ಬಿಗಿ ಮಾಡಿ ಡಿಕ್ಕಿಯಲ್ಲಿಟ್ಟುಕೊಳ್ಳಿ. ಮುಂದೆ ಟಾಪ್-ಅಪ್‌ಗೆ ಅದೇ ಕಂಪನಿ, ಅದೇ ಗ್ರೇಡ್ ಸಿಕ್ಕ ಹಾಗಾಗುತ್ತದೆ.

ಕಡಿಮೆ ಆದರೆ ಕೆಟ್ಟದು ಅಂತ ಎಲ್ಲರಿಗೂ ಗೊತ್ತು. ಜಾಸ್ತಿ ಆದರೂ ಕೆಟ್ಟದು ಅನ್ನುವುದನ್ನು ನಂಬಿಸಲು ನಾನು ದಿನವೂ ಬಾಯಿ ನೋಯಿಸಿಕೊಳ್ಳುತ್ತೇನೆ. ಎಂಜಿನ್ನಿನ ಕೆಳಗೆ ಚೇಂಬರ್‌ನಲ್ಲಿ ಆಯಿಲ್ ನಿಂತಿರುತ್ತದೆ, ಅದರ ಮೇಲೆ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳಿಗೆ ಜೋಡಿಸಿದ ದಂಡ, ತಿರುಗುತ್ತಿರುತ್ತದೆ. ಮಟ್ಟ ತೀರಾ ಏರಿದರೆ ಕ್ರ್ಯಾಂಕ್ ಆಯಿಲ್‌ಗೇ ಬಡಿಯುತ್ತದೆ, ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ. ಪಂಪು ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತದೆ. ಆಗ ಬೇರಿಂಗ್‌ಗೆ ಸಿಗಬೇಕಾದ ಒತ್ತಡ ಸಿಗುವುದಿಲ್ಲ. ಅಂದರೆ ಆಯಿಲ್ ಜಾಸ್ತಿ ಇದ್ದೂ ಎಂಜಿನ್ ಒಣಗುತ್ತದೆ. ಇನ್ನೊಂದು ಕಡೆ, ಎಂಜಿನ್ ಒಳಗಿನ ಹಬೆ ಹೋಗುವ ಪೈಪಿನಲ್ಲಿ ಆಯಿಲ್ ಸೇರಿ ಗಾಳಿ ಎಳೆಯುವ ದಾರಿಗೆ ಬಂದು ಉರಿಯುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. ಸೀಲ್‌ಗಳಿಂದ ಜಿನುಗಲೂ ಶುರುವಾಗಬಹುದು.

ಬೇಸಿಗೆಯಲ್ಲಿ ಸಂಡೂರಿನಿಂದ ಒಂದು ಗಾಡಿ ಬಂತು. ಹೊಸದಾಗಿ ಸರ್ವಿಸ್ ಆಗಿತ್ತು, ಆದರೂ ನೀಲಿ ಹೊಗೆ. ಬೇರೊಬ್ಬರು "ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಅಂದಿದ್ದರಂತೆ. ಆಯಿಲ್ ಮಟ್ಟ ತೋರಿಸುವ, ಮೇಲೊಂದು ಕೆಳಗೊಂದು ಗುರುತಿರುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ನೋಡಿದೆ. ಆಯಿಲ್ ಮೇಲಿನ ಗುರುತು ದಾಟಿ ಒಂದು ಬೆರಳಿನಷ್ಟು ಮೇಲಿತ್ತು. ಹೆಚ್ಚಿದ್ದನ್ನು ತೆಗೆದು, ಗಾಳಿ ಪೈಪು ಒರೆಸಿ ಕಳಿಸಿದೆ. ಒಳಗೆ ಉಳಿದಿದ್ದದ್ದು ಉರಿದು ಮುಗಿದ ಮೇಲೆ ಹೊಗೆ ನಿಂತಿತು. ರಿಂಗ್ ಚೆನ್ನಾಗಿಯೇ ಇತ್ತು. ಕಡ್ಡಿ ನೋಡಲು ಒಂದು ನಿಮಿಷ ಸಾಕಿತ್ತಲ್ವಾ? ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ಜಾಗ. ನಮ್ಮ ಕಡೆ ಮನೆ ಮುಂದಿನ ರಸ್ತೆ ಸಾಮಾನ್ಯವಾಗಿ ಚರಂಡಿ ಕಡೆ ವಾಲಿರುತ್ತದೆ. ಅಲ್ಲಿ ನಿಲ್ಲಿಸಿ ನೋಡಿದರೆ ಕಡ್ಡಿ ತಪ್ಪು ಹೇಳುತ್ತದೆ. ಗಾಡಿಯ ಒಂದು ಪಕ್ಕ ಎತ್ತರ, ಒಂದು ಪಕ್ಕ ತಗ್ಗು ಇದ್ದರೆ ಚೇಂಬರ್‌ನಲ್ಲಿ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಸಮತಟ್ಟು ನೆಲ ಹುಡುಕಿ. ಅನುಮಾನ ಇದ್ದರೆ ಮುಚ್ಚಳ ಬಿಗಿ ಮಾಡಿದ ನೀರಿನ ಬಾಟ್ಲಿಯನ್ನು ನೆಲದ ಮೇಲೆ ಮಲಗಿಸಿ, ಉದ್ದಕ್ಕೂ ಅಡ್ಡಕ್ಕೂ. ಉರುಳಿದರೆ ಜಾಗ ಬದಲಾಯಿಸಿ. ಜಾಕ್ ಮೇಲೆ ಇರುವಾಗಂತೂ ಮಟ್ಟ ನೋಡಲೇಬೇಡಿ.

ಆಮೇಲೆ ಸಮಯ. ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಐದರಿಂದ ಹತ್ತು ನಿಮಿಷ ಕಾಯಿರಿ. ಮೇಲೆ ಹೋದ ಆಯಿಲ್ ಕೆಳಗೆ ಇಳಿಯಬೇಕು. ಕೆಲವು ಗಾಡಿಗಳಿಗೆ ತಣ್ಣಗಿರುವಾಗ ನೋಡಿ ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ, ಅದನ್ನೇ ಪಾಲಿಸಿ. ಬಿಸಿ ಆಯಿಲ್ ಹಿಗ್ಗುತ್ತದೆ. 3 ಲೀಟರ್ ಆಯಿಲ್ 60 ಡಿಗ್ರಿ ಬಿಸಿ ಏರಿದರೆ ಸುಮಾರು 120 ಎಂಎಲ್ ಜಾಸ್ತಿ ಕಾಣುತ್ತದೆ. ಹಾಗಾಗಿ ಒಂದು ಸಲ ಬಿಸಿಯಲ್ಲಿ, ಇನ್ನೊಂದು ಸಲ ತಣ್ಣಗಿರುವಾಗ ನೋಡಿ "ಆಯಿಲ್ ಕುಡೀತಿದೆ" ಅಂತ ಗಾಬರಿ ಆಗಬೇಡಿ. ಯಾವಾಗಲೂ ಒಂದೇ ರೀತಿ ನೋಡಿ.

ಕಡ್ಡಿ ಓದುವುದಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಎಳೆಯುವ ಮೊದಲು ಅದರ ಸುತ್ತ, ಆಯಿಲ್ ಮುಚ್ಚಳದ ಸುತ್ತ ಒರೆಸಿ. ತೋರಣಗಲ್ಲು, ಸಂಡೂರು ಕಡೆ ಓಡಾಡುವ ಗಾಡಿಯ ಬಾನೆಟ್ ಕೆಳಗೆ ಕೆಂಪು ಅದಿರು ಧೂಳು ಕೂತಿರುತ್ತದೆ, ಒಂದು ಚಿಟಿಕೆ ಒಳಗೆ ಬಿದ್ದರೂ ಬೇಡದ ಕೆಲಸ. ಬಟ್ಟೆಯ ವಿಷಯವೂ ಹೇಳಬೇಕು. ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಚೂರು ಬೇಕಾದಷ್ಟು ಸಿಗುತ್ತದೆ. ಕೈ ಒರೆಸಲು ಅದು ಚೆನ್ನ, ಆದರೆ ಕಡ್ಡಿಗೆ ಬೇಡ, ಅಂಚಿನಿಂದ ನೂಲು ಉದುರುತ್ತದೆ. ತೊಳೆದ ಹಳೇ ಕಾಟನ್ ಬನಿಯನ್ ತಗೊಳ್ಳಿ.

ಕಡ್ಡಿ ಎಳೆದು ಪೂರ್ತಿ ಒರೆಸಿ. ಮತ್ತೆ ಕೊನೆಯವರೆಗೂ ಒತ್ತಿ, ಹಿಡಿ ಕೂತ ಸದ್ದು ಕೈಗೆ ಗೊತ್ತಾಗಬೇಕು. ಆಮೇಲೆ ಎಳೆದು ಅಡ್ಡಲಾಗಿ ಹಿಡಿಯಿರಿ. ತುದಿ ಮೇಲೆ ಮಾಡಿದರೆ ಆಯಿಲ್ ಹಿಂದಕ್ಕೆ ಹರಿದು ಜಾಸ್ತಿ ತೋರಿಸುತ್ತದೆ. ಎರಡೂ ಮುಖ ನೋಡಿ. ಒಂದು ಕಡೆ ಉದ್ದಕ್ಕೆ ಬಳಿದ ಹಾಗೆ, ಹರಿದ ಗೆರೆಯ ಹಾಗೆ ಕಂಡರೆ ಅದು ಪೈಪಿನ ಗೋಡೆಯಿಂದ ಅಂಟಿದ್ದು. ಇನ್ನೊಂದು ಮುಖದಲ್ಲಿ ಅಡ್ಡಕ್ಕೆ ನೇರ ಅಂಚು ಕಾಣುತ್ತದೆ, ಅದರ ಕೆಳಗೆ ಪೂರ್ತಿ ಒದ್ದೆ, ಮೇಲೆ ಒಣಗಿರುತ್ತದೆ. ಲೆಕ್ಕಕ್ಕೆ ತಗೊಳ್ಳಬೇಕಾದ್ದು ಆ ಅಂಚು. ಹೊಸ ಆಯಿಲ್ ತಿಳಿಯಾಗಿರುವುದರಿಂದ ಕಾಣುವುದು ಕಷ್ಟ. ಬಿಸಿಲಿಗೆ ವಾರೆಯಾಗಿ ಹಿಡಿದರೆ ಹೊಳಪು ಎಲ್ಲಿಗೆ ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ. ಸುಮ್ನೆ ಒಂದೇ ಸಲ ನೋಡಿ ಬಿಡಬೇಡಿ, ಎರಡು ಸಲ ಒಂದೇ ಜಾಗ ತೋರಿಸಬೇಕು.

ಬಹಳ ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಸುಮಾರು 1 ಲೀಟರ್ ಅಂತರ, ಸಣ್ಣ ಗಾಡಿಗಳಲ್ಲಿ ಇನ್ನೂ ಕಡಿಮೆ ಇರಬಹುದು. ಈ ಲೆಕ್ಕ ತಲೆಯಲ್ಲಿದ್ದರೆ ಎಷ್ಟು ಹಾಕಬೇಕು ಅಂತ ಅಂದಾಜು ಸಿಗುತ್ತದೆ.

ಈಗ ಆಯಿಲ್ ಬದಲಾಯಿಸುವ ಕೆಲಸ. ಹಳೇದನ್ನು ಉಗುರು ಬೆಚ್ಚಗಿರುವಾಗ ಇಳಿಸಿ, ಕುದಿಯುವ ಬಿಸಿಯಲ್ಲಿ ಬೇಡ. ಹನಿ ಹನಿ ಬೀಳುವವರೆಗೂ ಬಿಡಿ. ಆಯಿಲ್ ಇಳಿಸುವ ಕೆಳಗಿನ ಡ್ರೈನ್ ಬೋಲ್ಟ್‌ನ ವಾಷರ್ ಹೊಸದು ಹಾಕಿ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಲ್ಲಿ ಆಯಿಲ್ ಸವರಿ, ಕೂತ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿ ಮಾಡಿ. ಪುಸ್ತಕ 3.1 ಲೀಟರ್ ಅಂದರೆ ಮೊದಲು 2.7 ಮಾತ್ರ ಸುರಿಯಿರಿ. ಹಳೇ ಆಯಿಲ್ ಒಳಗೆ ಸ್ವಲ್ಪ ಉಳಿದೇ ಇರುತ್ತದೆ, ಅದರ ಲೆಕ್ಕ ನಮಗೆ ಸಿಗುವುದಿಲ್ಲ. ಗಾಡಿ ಸ್ಟಾರ್ಟ್ ಮಾಡಿ, ಕೆಂಪು ಆಯಿಲ್ ದೀಪ ಆರಿತಾ ನೋಡಿ, ನಿಂತಲ್ಲೇ ಒಂದು ನಿಮಿಷ ಎಂಜಿನ್ ಓಡಿಸಿ. ಈ ಹೊತ್ತಿಗೆ ಫಿಲ್ಟರ್ ತುಂಬಿಕೊಳ್ಳುತ್ತದೆ, ಮಟ್ಟ ಇಳಿಯುತ್ತದೆ. ಇದನ್ನು ಬಿಟ್ಟು ಸುರಿದ ತಕ್ಷಣ ಕಡ್ಡಿ ನೋಡಿದರೆ ಲೆಕ್ಕ ತಪ್ಪುತ್ತದೆ. ಆಫ್ ಮಾಡಿ, ಹತ್ತು ನಿಮಿಷ ಬಿಡಿ, ನೋಡಿ. ಆಮೇಲೆ 100 ಎಂಎಲ್ ಹಾಕಿ, ಸ್ವಲ್ಪ ಕಾದು ಮತ್ತೆ ನೋಡಿ. ಮೇಲಿನ ಗುರುತಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ನಾನು ನಿಲ್ಲಿಸುತ್ತೇನೆ. ಗುರುತು ಮುಟ್ಟಿದರೂ ತಪ್ಪಿಲ್ಲ, ದಾಟಬಾರದು ಅಷ್ಟೇ.

ಡ್ಯಾಶ್‌ಬೋರ್ಡಿನ ಆ ಕೆಂಪು ದೀಪವನ್ನು ಮಟ್ಟ ತೋರಿಸುವ ದೀಪ ಅಂದುಕೊಂಡವರು ಬಹಳ. ಸಾಮಾನ್ಯವಾಗಿ ಅದು ಒತ್ತಡದ ದೀಪ. ಓಡುವಾಗ ಅದು ಹತ್ತಿತು ಅಂದರೆ ಹೊಸಪೇಟೆಗೆ ಹೋಗಿ ನೋಡೋಣ ಅನ್ನಬೇಡಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ತಿಂಗಳಿಗೊಮ್ಮೆ, ಬೆಂಗಳೂರಿನಂಥ ದೂರದ ಪ್ರಯಾಣಕ್ಕೆ ಮೊದಲು, ಕಡ್ಡಿ ನೋಡಿದರೆ ಆ ಸ್ಥಿತಿ ಬರುವುದು ಅಪರೂಪ. ಧೂಳಿನ ರಸ್ತೆಯಲ್ಲೇ ಓಡುವ ಗಾಡಿಗೆ ಆಯಿಲ್ ಬೇಗ ಬದಲಾಯಿಸಿ ಅಂತ ಪುಸ್ತಕದಲ್ಲೇ ಬೇರೆ ಪಟ್ಟಿ ಇರುತ್ತದೆ, ನಮ್ಮ ಗಣಿ ಭಾಗದವರು ಅದನ್ನು ನೋಡಬೇಕು.

ಆಯಿಲ್ ಹಾಕದೆಯೇ ಮಟ್ಟ ಏರಿದರೆ ಜಾಸ್ತಿ ಎಚ್ಚರ ಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಕಡಿಮೆ ಮಾಡುವ ಸರ್ಕಾರದ ನಿಯಮ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಆ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಊರೊಳಗೇ ಸಣ್ಣ ಓಡಾಟ ಮಾಡುತ್ತಾ ಸುಡುವ ಕೆಲಸ ಮಧ್ಯದಲ್ಲೇ ನಿಲ್ಲಿಸಿದರೆ ಆ ಡೀಸೆಲ್ ಆಯಿಲ್‌ಗೆ ಸೇರಬಹುದು. ಕಡ್ಡಿ ಮೂಸಿ, ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಾಯಿಸಿ, ಹೆಚ್ಚಿದ್ದನ್ನು ತೆಗೆದು ಮಟ್ಟ ಸರಿಮಾಡಿದರೆ ಸಾಲದು. ಆಯಿಲ್ ಬೆಳ್ಳಗೆ ಜಿಗುಟಾಗಿದ್ದರೆ ನೀರು ಸೇರಿರಬಹುದು, ಗಾಡಿ ಓಡಿಸದೆ ಮೆಕ್ಯಾನಿಕ್ ಕರೆಸಿ.

ಸರ್ವಿಸ್‌ನಲ್ಲಿ ಜಾಸ್ತಿ ಬಿದ್ದಿದ್ದರೆ ತೆಗೆಯುವುದು ಕಷ್ಟ ಅಲ್ಲ. ದೊಡ್ಡ ಸಿರಿಂಜ್‌ಗೆ ತೆಳು ಪೈಪು ಸಿಕ್ಕಿಸಿ ಕಡ್ಡಿಯ ದಾರಿಯಲ್ಲಿ ಇಳಿಸಿ ಎಳೆಯಿರಿ. ಎಳೆದದ್ದನ್ನು ಅಳತೆಯ ಬಾಟ್ಲಿಗೆ ಹಾಕಿ, ಎಷ್ಟು ತೆಗೆದಿರಿ ಅಂತ ಗೊತ್ತಿರಲಿ. ಡ್ರೈನ್ ಬೋಲ್ಟ್ ಸಡಿಲ ಮಾಡಿ ಇಳಿಸಲು ಹೋದರೆ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತದೆ. ಹಳೇ ಆಯಿಲ್ ಚರಂಡಿಗೆ ಸುರಿಯಬೇಡಿ, ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ನಮ್ಮಂಥವರು ಅದನ್ನು ಕೂಡಿಟ್ಟು ಖರೀದಿಸುವವರಿಗೆ ಕೊಡುತ್ತೇವೆ. ಮರುದಿನ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಕೆಳಗೆ ಬಗ್ಗಿ ಫಿಲ್ಟರ್, ಬೋಲ್ಟ್ ಹತ್ತಿರ ಹನಿ ಇದೆಯಾ ನೋಡಿ, ಕಡ್ಡಿಯನ್ನೂ ಇನ್ನೊಂದು ಸಲ ಎಳೆಯಿರಿ.