ಸ್ಟೇಷನ್ ಹೊಸದಾಗ್ತಿದೆಯಾ? ನಕ್ಷೆ ಕೈಗೆ ತಗೊಳ್ಳಿ, ಗೇಟಿನ ಹೊರಗಿನಿಂದ ಓದಿ

ರೈಲ್ವೆ ಸ್ಟೇಷನ್ನುಗಳನ್ನು ಹೊಸದಾಗಿಸುವ ಅಮೃತ್ ಭಾರತ್ ಯೋಜನೆಯಲ್ಲಿ ನಿಮ್ಮೂರ ಸ್ಟೇಷನ್ ಹೆಸರು ಬಂದಿರುತ್ತದೆ. ಪೇಪರಿನಲ್ಲಿ ಒಂದು ಬಣ್ಣದ ಚಿತ್ರವೂ ಬಂದಿರುತ್ತದೆ. ಗಾಜಿನ ಮುಂಭಾಗ, ನೀಲಿ ಆಕಾಶ, ನಾಲ್ಕು ತೆಂಗಿನ ಮರ, ಹುಡುಕಿದರೂ ಒಂದು ಆಟೊ ಇಲ್ಲ. ಆ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಿ ಖುಷಿಪಡಿ, ಬೇಡ ಅನ್ನಲ್ಲ. ಆದರೆ ಕೆಲಸಕ್ಕೆ ಬರುವುದು ಅದಲ್ಲ, ಅದರ ಹಿಂದಿರುವ ಕಪ್ಪು ಬಿಳುಪು ನಕ್ಷೆ.

ಮೊದಲು ಒಂದು ಕಹಿ ಸತ್ಯ. ನೀವು ಮನೆ ಕಟ್ಟಬೇಕಾದರೆ ನಗರಸಭೆಯಿಂದ ನಕ್ಷೆ ಮಂಜೂರಾಗಬೇಕು, ಸ್ಟೇಷನ್ನಿಗೆ ಹಾಗಿಲ್ಲ. 1989ರ ರೈಲ್ವೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಬೇರೆ ಕಾನೂನು ಏನೇ ಹೇಳಿದರೂ ರೈಲ್ವೆಯವರು ತಮಗೆ ಬೇಕಾದ ಸ್ಟೇಷನ್, ಯಾರ್ಡ್, ಕಟ್ಟಡ ಕಟ್ಟಿಕೊಳ್ಳಬಹುದು. ಅಮೆರಿಕದ ಸಿಯಾಟಲ್‌ನಲ್ಲಿ 1968ರಿಂದಲೂ ನಗರದ್ದೇ ಆದ ವಿನ್ಯಾಸ ಆಯೋಗ ಇದೆ, ಊರೊಳಗೆ ಓಡುವ ಲೈಟ್ ರೈಲಿನ ಸ್ಟೇಷನ್ನುಗಳ ನಕ್ಷೆಗಳೂ ಪರಿಶೀಲನೆಗೆ ಅದರ ಮುಂದೆ ಬಂದಿವೆ. ನಮ್ಮಲ್ಲಿ ಅಂಥದ್ದಿಲ್ಲ.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ಗೇಟಿನ ಒಳಗಿನದು ರೈಲ್ವೆಯದ್ದು, ಹೊರಗಿನ ರಸ್ತೆ, ಚರಂಡಿ, ಬೀದಿದೀಪ, ಫುಟ್‌ಪಾತ್ ಹೆಚ್ಚಿನ ಕಡೆ ಊರಿನದ್ದು. ಇವೆರಡೂ ಹೊಂದಿಕೊಳ್ಳದಿದ್ದರೆ ಏನಾಗುತ್ತದೆ ಅಂತ ನೋಡಬೇಕಾದರೆ ಬೆಂಗಳೂರಿನ ಬೈಯಪ್ಪನಹಳ್ಳಿಗೆ ಹೋಗಿ. ಅಲ್ಲಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಸುರಿದದ್ದು 300 ಕೋಟಿಗೂ ಜಾಸ್ತಿ. ಒಳಗೆ ಏರ್‌ಪೋರ್ಟಿನಂಥ ಎ.ಸಿ. ಹಾಲ್, 7 ಪ್ಲಾಟ್‌ಫಾರಂ. 2022ರ ಜೂನ್‌ನಲ್ಲಿ ರೈಲು ಶುರುವಾದಾಗ ಜನ ಬೈದುಕೊಂಡದ್ದು ಕಟ್ಟಡವನ್ನಲ್ಲ, ಅಲ್ಲಿಗೆ ಹೋಗುವ ದಾರಿಯನ್ನು. ಕಿರಿದಾದ ರಸ್ತೆ, ಸರಿಯಾದ ಬಸ್ ಇಲ್ಲ, ಬೈಯಪ್ಪನಹಳ್ಳಿ ಹೆಸರಿನ ಮೆಟ್ರೊ ಸ್ಟೇಷನ್ ಇದ್ದರೂ ಅಲ್ಲಿಂದ ನೇರ ದಾರಿ ಇಲ್ಲ.

ಯಾರನ್ನು ಕೇಳಬೇಕು?

ನಿಮ್ಮ ಸ್ಟೇಷನ್ ಯಾವ ವಿಭಾಗಕ್ಕೆ ಸೇರುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಇಲ್ಲೇ ಬಹಳ ಜನ ಎಡವುತ್ತಾರೆ. ನೈರುತ್ಯ ರೈಲ್ವೆಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಅಂತ ಮೂರು ವಿಭಾಗ, ಕರ್ನಾಟಕದ ಹೆಚ್ಚಿನ ಸ್ಟೇಷನ್ ಇವುಗಳಲ್ಲೇ ಬರುತ್ತವೆ. ಆದರೆ ಕಲಬುರಗಿಯವರು ಸೊಲ್ಲಾಪುರ ವಿಭಾಗಕ್ಕೆ ಬರೆಯಬೇಕು, ಬೀದರಿನವರು ಸಿಕಂದರಾಬಾದಿಗೆ. ಮಂಗಳೂರು ಸೆಂಟ್ರಲ್ ಅಂದರೆ ಪಾಲಕ್ಕಾಡ್, ಉಡುಪಿ ಅಂದರೆ ಕೊಂಕಣ ರೈಲ್ವೆ. ತಪ್ಪು ಕಚೇರಿಗೆ ಹೋದ ಅರ್ಜಿ ಟಪಾಲಿನಲ್ಲೇ ಮುದಿಯಾಗುತ್ತದೆ.

ನಕ್ಷೆ ಸಿಗುವುದು ಹೇಗೆ?

ವಿಭಾಗದ ಮುಖ್ಯಸ್ಥರಾದ ಡಿಆರ್‌ಎಂ ಅವರ ಕಚೇರಿಗೆ ಒಂದು ಸಾದಾ ಪತ್ರ ಬರೆದು ನೋಡಿ. ಕೆಲವೊಮ್ಮೆ ಅಷ್ಟರಲ್ಲೇ ಕೆಲಸ ಆಗುತ್ತದೆ. ಇಲ್ಲದಿದ್ದರೆ ಮಾಹಿತಿ ಹಕ್ಕು ಇದ್ದೇ ಇದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು, ಆನ್‌ಲೈನ್‌ನಲ್ಲೂ ಹಾಕಬಹುದು. 'ಸ್ಟೇಷನ್ ಬಗ್ಗೆ ಪೂರ್ತಿ ಮಾಹಿತಿ ಕೊಡಿ' ಅಂತ ಬರೆದರೆ ಏನೂ ಸಿಗಲ್ಲ. ಮಾಸ್ಟರ್ ಪ್ಲಾನ್, ಸ್ಟೇಷನ್ ಮುಂದಿನ ಅಂಗಳದ ನಕ್ಷೆ, ಮಳೆನೀರು ಚರಂಡಿಯ ನಕ್ಷೆ, ಹೀಗೆ ಹೆಸರು ಹಿಡಿದು ಕೇಳಿ. ಪ್ರತಿಯ ಬದಲು 'ಪರಿಶೀಲನೆಗೆ ಅವಕಾಶ ಕೊಡಿ' ಅಂತ ಕೇಳುವುದು ಇನ್ನೂ ಜಾಣತನ. ಮೊದಲ ಒಂದು ಗಂಟೆಗೆ ದುಡ್ಡಿಲ್ಲ, ಆಮೇಲೆ ಗಂಟೆಗೆ 5 ರೂಪಾಯಿ. ಇದೆಲ್ಲ ಟೆಂಡರ್‌ಗೆ ಮುಂಚೆ ಆಗಬೇಕು. ಟೆಂಡರ್ ಆದ ಮೇಲೆ ಒಂದು ಗೋಡೆ ಸರಿಸಬೇಕೆಂದರೂ ಹತ್ತು ಸಹಿ ಬೇಕು.

ಓದುವುದು ಹೇಗೆ?

ಹೋಗುವಾಗ ಶಾಲೆ ಮಕ್ಕಳ ಸ್ಕೇಲ್ ಒಂದು ಜೇಬಲ್ಲಿರಲಿ. ನಾನು ಒಂದು ಸ್ಟೇಷನ್ನಿನ ನಕ್ಷೆ ನೋಡಲು ಹೋದಾಗ ಮೇಜಿನ ಮೇಲೆ ಹಾಳೆ ಹರಡಿ, ಮೂಲೆಗೊಂದು ಪೇಪರ್‌ವೇಟ್ ಇಟ್ಟುಕೊಟ್ಟರು. ಬಾಗಿಲ ಪಕ್ಕ 'ರ‍್ಯಾಂಪ್' ಅಂತ ಚೆಂದಾಗಿ ಬರೆದಿತ್ತು. ಅಳೆದೆ, 2 ಸೆಂಟಿಮೀಟರ್. ನಕ್ಷೆಯ ಅಳತೆ 1:200, ಅಂದರೆ ನೆಲದ ಮೇಲೆ 4 ಮೀಟರ್. ಒಳಗಿನ ನೆಲ ರಸ್ತೆಗಿಂತ 60 ಸೆಂ.ಮೀ. ಎತ್ತರ ಅಂತ ಅದರಲ್ಲೇ ಬರೆದಿತ್ತು. ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಇರಬೇಕು, ಅಂದರೆ ಅಲ್ಲಿ ಬೇಕಾದದ್ದು 7.2 ಮೀಟರ್. ನಾಲ್ಕೇ ಮೀಟರಿನಲ್ಲಿ ಅಷ್ಟು ಎತ್ತರ ಹತ್ತಿಸಿದರೆ ಅಜ್ಜಿಯನ್ನು ಕೂರಿಸಿಕೊಂಡು ತಳ್ಳುವವರ ಗತಿ ಏನು? ಪಕ್ಕದಲ್ಲಿ ನಿಂತಿದ್ದ ಎಂಜಿನಿಯರ್ ಸ್ಕೇಲ್ ಇಸ್ಕೊಂಡು ತಾವೂ ಒಂದು ಸಲ ಅಳೆದರು, ಏನೂ ಹೇಳಲಿಲ್ಲ, ಪೆನ್ಸಿಲ್‌ನಿಂದ ಒಂದು ಸುತ್ತು ಹಾಕಿದರು. ಆ ಸುತ್ತು ಹತ್ತು ಮನವಿಗೆ ಸಮ.

ಹೀಗೇ ಮಿಕ್ಕದ್ದನ್ನೂ ನೋಡಿ. ಬಸ್ಸಿನಿಂದ ಇಳಿದವರು ಕಾರ್ ಪಾರ್ಕಿಂಗ್ ಮಧ್ಯೆ ನುಗ್ಗಿಕೊಂಡೇ ಒಳಗೆ ಹೋಗಬೇಕಾ? ಆಟೊದವರಿಗೆ ನಿಲ್ಲುವ ಜಾಗ ಗುರುತಿಸಿದ್ದಾರಾ? ಇಲ್ಲದಿದ್ದರೆ ಅವರು ಬಾಗಿಲಲ್ಲೇ ನಿಲ್ಲುತ್ತಾರೆ, ಅದು ಅವರ ತಪ್ಪಲ್ಲ. ಹಳಿಯ ಆಚೆ ಕಡೆಯ ಬಡಾವಣೆಗೆ ಎರಡನೇ ಪ್ರವೇಶ ಇದೆಯಾ, ಅಥವಾ ಅವರು ಈಗಿನಂತೆ ಹಳಿ ದಾಟಿಯೇ ಬರಬೇಕಾ? ಚರಂಡಿ ಗೆರೆ ಕಾಂಪೌಂಡಿನವರೆಗೆ ಬಂದು ನಿಂತುಬಿಟ್ಟಿದ್ದರೆ ಅಲ್ಲಿಂದಾಚೆ ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಲೇಬೇಕು, ಯಾಕೆಂದರೆ ಆ ನೀರು ಬರುವುದು ನಿಮ್ಮ ಬೀದಿಗೇ. ಗೋಪುರ ಇರಬೇಕಾ, ಕಮಾನು ಸಾಕಾ ಅನ್ನುವ ಜಗಳಕ್ಕೆ ಮಾತ್ರ ಹೋಗಬೇಡಿ. ಅದರಲ್ಲೇ ಸಭೆ ಮುಗಿದುಹೋಗುತ್ತದೆ.

ಯಾರ ಬಾಯಲ್ಲಿ ಹೇಳಿಸಬೇಕು?

ನಿಮ್ಮ ಪಟ್ಟಿಯನ್ನು ಒಂದು ಪುಟಕ್ಕೆ ಇಳಿಸಿ ವಾರ್ಡ್ ಸದಸ್ಯರ ಕೈಗೆ ಕೊಡಿ, ಪೌರಾಯುಕ್ತರಿಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಾಮಾನ್ಯ ಸಭೆಯ ಅಜೆಂಡಾಕ್ಕೆ ವಿಷಯ ಬಂದು ಠರಾವು ಪಾಸಾದರೆ ಅದು ಊರಿನ ಮಾತಾಗುತ್ತದೆ, ಒಬ್ಬ ತಕರಾರುಗಾರನ ಪತ್ರ ಆಗಿ ಉಳಿಯಲ್ಲ. ಠರಾವಿನಲ್ಲಿ ರೈಲ್ವೆ ಏನು ಮಾಡಬೇಕು ಅನ್ನುವುದರ ಜೊತೆಗೆ ನಗರಸಭೆ ಏನು ಮಾಡುತ್ತದೆ ಅನ್ನುವುದೂ ಇರಲಿ. 'ನಾವು ಇಷ್ಟು ಮೀಟರ್ ಚರಂಡಿ ಕಟ್ಟುತ್ತೇವೆ, ನೀವು ಇಲ್ಲಿಗೆ ತಂದು ಕೂಡಿಸಿ' ಅಂತ ಬರೆದ ಪತ್ರಕ್ಕೆ ಉತ್ತರ ಕೊಡದೇ ಇರುವುದು ಕಷ್ಟ. ಚುನಾವಣೆಯೇ ಆಗದೆ ಆಡಳಿತಾಧಿಕಾರಿ ಕೂತಿದ್ದರೆ, ನಮ್ಮಲ್ಲಿ ಅದೇನು ಅಪರೂಪವಲ್ಲ ಬಿಡಿ, ನೇರ ಅವರನ್ನೇ ನೋಡಿ.

ರೈಲ್ವೆ ಕಡೆಯಲ್ಲೂ ಒಂದು ಕಿಟಕಿ ಇದೆ. ಪ್ರತಿ ವಿಭಾಗಕ್ಕೂ ಬಳಕೆದಾರರ ಸಲಹಾ ಸಮಿತಿ ಇರುತ್ತದೆ, ವ್ಯಾಪಾರಿಗಳ ಸಂಘ, ಪ್ರಯಾಣಿಕರ ಸಂಘದವರೆಲ್ಲ ಅದರಲ್ಲಿರುತ್ತಾರೆ. ಒಬ್ಬ ಸದಸ್ಯರನ್ನು ಹಿಡಿದು ಠರಾವಿನ ಪ್ರತಿ ಕೊಡಿ. ಸಂಸದರ ಕಚೇರಿಗೂ ಒಂದು.

ಮರ ಕಡಿಯುವ ಮಾತಿದ್ದರೆ ನಿಮ್ಮ ಕೈ ಇನ್ನೂ ಗಟ್ಟಿ. 50ಕ್ಕಿಂತ ಜಾಸ್ತಿ ಮರ ಕಡಿಯಬೇಕಾದರೆ ರಾಜ್ಯದ ಮರ ಸಂರಕ್ಷಣಾ ಕಾಯ್ದೆಯಂತೆ ಸಾರ್ವಜನಿಕರ ಆಕ್ಷೇಪಣೆ ಕರೆಯಲೇಬೇಕು. ಬೆಂಗಳೂರು ಕಂಟೋನ್ಮೆಂಟ್ ರೈಲ್ವೆ ಕಾಲೊನಿಯ 368 ಮರಗಳ ವಿಷಯದಲ್ಲಿ 2025ರಲ್ಲಿ ಆಗಿನ ಬಿಬಿಎಂಪಿ ಹೀಗೆ ಆಕ್ಷೇಪಣೆ ಕರೆದಾಗ ಸಾವಿರಾರು ಜನ ಬರೆದರು. ಕೊನೆಗೆ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಮಾಡುವ ಮಾತನ್ನು ಸರ್ಕಾರವೇ ಎತ್ತಿತು.

ಇಷ್ಟಾದ ಮೇಲೆ ಹಿಂಬರಹಕ್ಕೆ ಕಾಯಿರಿ. 'ಪರಿಶೀಲಿಸಲಾಗುವುದು' ಅಂತಷ್ಟೇ ಬಂದರೆ, ಯಾರು, ಯಾವ ದಿನಾಂಕದೊಳಗೆ ಅಂತ ಕೇಳಿ ಇನ್ನೊಂದು ಪತ್ರ ಹಾಕಿ. ಸ್ಟೇಷನ್ ಮುಂದೆ ಕಲ್ಲು, ಕಬ್ಬಿಣ ಬಂದು ಬಿದ್ದ ದಿನ ಆ ಸ್ಕೇಲ್ ಮನೆಯಲ್ಲಿಟ್ಟು ಟೇಪ್ ಹಿಡಿದುಕೊಂಡು ಹೋಗಿ.